ಎಡೆಗೆ ಕ್ವಾರ್ಟರ್ ಇಡುವ ಮನೆಯಲ್ಲಿ

ಪ್ರೀತಿಯ ಶಿವು,

ನಿನ್ನ ಮೆಸೇಜು ಓದಿದೆ. ಇದು ಫೋನಿನಲ್ಲಿ ಮುಗಿಯುವ ಮಾತಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾಲ್ಕು ಜನ ಓದಲಿ ಅಂತ ನೀನೇ ಹೇಳಿದ್ದರಿಂದ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ಹೆಸರು ಬದಲಾಯಿಸಿದ್ದೇನೆ, ಹೆದರಬೇಡ.

ನಿನ್ನ ತಮ್ಮನ ಜೀನ್ಸ್ ಜೇಬಿನಲ್ಲಿ ಗಾಂಜಾ ಪೊಟ್ಟಣ ಸಿಕ್ಕಿದ್ದು, ನಿಮ್ಮವ್ವ ಅದನ್ನು ಮೂಸಿ ನೋಡಿ "ಇದ್ಯಾವ ಸೊಪ್ಪು?" ಅಂತ ಪಕ್ಕದ ಮನೆಯವರನ್ನು ಕೇಳಲು ಹೊರಟಿದ್ದು, ನೀನು ಓಡಿಹೋಗಿ ತಡೆದದ್ದು ಓದುವಾಗ ನಗು ಬಂತು. ಬೈಕೋಬೇಡ. ನಿಮ್ಮಪ್ಪ ಬೆಲ್ಟ್ ಬಿಚ್ಚಿದರು ಅನ್ನುವಲ್ಲಿಗೆ ನಗು ನಿಂತಿತು. "ನಮ್ಮ ವಂಶದಲ್ಲೇ ಇಂಥದ್ದು ಇರಲಿಲ್ಲ" ಅಂದರಂತೆ. ಆಗ ಸಂಜೆ ಏಳೂವರೆ ಅಂತ ಬರೆದಿದ್ದೀಯ. ಅಂದ್ರೆ ಮೊದಲ ತೊಂಬತ್ತು ಎಂಎಲ್ ಬ್ರಾಂಡಿ ಆಗಲೇ ಒಳಗೆ ಹೋಗಿತ್ತು.

ವಂಶದ ಮಾತು ಎತ್ತಿದ್ದರಿಂದ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವುದನ್ನು ನಾನೂ ನೋಡಿದ್ದೇನಲ್ಲ. ಬಾಳೆ ಎಲೆ ತುಂಬ ಅನ್ನ, ಮಟನ್ ಸಾರು, ವಡೆ, ಕಜ್ಜಾಯ. ಪಕ್ಕದಲ್ಲಿ ಹೊಸ ಪಂಚೆ. ತಾತನ ಫೋಟೋ ಮುಂದೆ ಬೀಡಿ ಕಟ್ಟು, ಬೆಂಕಿಪೊಟ್ಟಣ, ಒಂದು ಕ್ವಾರ್ಟರ್ ಬ್ರಾಂಡಿ. ಅದರ ಮುಚ್ಚಳ ತಿರುಗಿಸಿ ಸಡಿಲ ಮಾಡಿಡುತ್ತಿದ್ದವರು ನಿಮ್ಮವ್ವನೇ. ತಾತ ಬಂದು ಮುಚ್ಚಳದ ಜೊತೆ ಒದ್ದಾಡಬಾರದಲ್ಲ! ಧೂಪ ಹಾಕಿ, ಬಾಗಿಲು ಮುಂದೆ ಮಾಡಿ, ಎಲ್ಲರೂ ಜಗಲಿ ಮೇಲೆ ಸುಮ್ನೆ ಕೂರುತ್ತಿದ್ದೆವು. ಬಾಗಿಲು ತೆಗೆದ ಮೇಲೆ ತಾತ ಬಿಟ್ಟದ್ದನ್ನು ನಿಮ್ಮ ದೊಡ್ಡಪ್ಪ, ನಿಮ್ಮಪ್ಪ ಪ್ರಸಾದ ಅಂತ ಹಂಚಿಕೊಂಡು ಮುಗಿಸುತ್ತಿದ್ದರು.

ಅದೇ ತಾತ ಭಜನೆಮನೆಯಲ್ಲಿ ತತ್ವಪದ ಹಾಡುವವರ ಜೊತೆ ಕೂತು ಚಿಲುಮೆಯಲ್ಲಿ ಗಾಂಜಾ ಎಳೆಯುತ್ತಿದ್ದರು ಅಂತ ನಿಮ್ಮಜ್ಜಿಯೇ ಹೇಳುತ್ತಿದ್ದರು, ನೆನಪಿದೆಯಾ? "ಭಂಗಿ ಸೇದಿದ ದಿನ ತಣ್ಣಗೆ ಮಲಗೋರು, ಕುಡಿದು ಬಂದ ದಿನ ನಾನು ಹಿತ್ತಲಲ್ಲಿ ಮಲಗ್ತಿದ್ದೆ." ಎಡೆಗೆ ಬ್ರಾಂಡಿ ಬಂತು, ಬೀಡಿ ಬಂತು, ಚಿಲುಮೆ ಮಾತ್ರ ಬರಲಿಲ್ಲ. ವಂಶದ ಲೆಕ್ಕದಿಂದ ಅದನ್ನು ಯಾರು ಯಾವಾಗ ಹೊಡೆದುಹಾಕಿದರೋ.

ಕಾನೂನಿನದೂ ಇದರಲ್ಲಿ ಪಾಲಿದೆ. 1985ರಲ್ಲಿ ಮಾದಕವಸ್ತು ತಡೆಯುವ ಎನ್‌ಡಿಪಿಎಸ್ ಕಾಯ್ದೆ ಬಂತು, ಗಾಂಜಾ ಅಂದರೆ ಪೊಲೀಸು, ಜೈಲು ಅಂತಾಯಿತು. ಅದರಲ್ಲೂ ತಮಾಷೆ ಇದೆ. ಗಿಡದ ಹೂವಿನ ತೆನೆ ಗಾಂಜಾ. ಬರೀ ಎಲೆ ಅರೆದು ಮಾಡಿದ ಭಾಂಗ್ ಆ ಕಾಯ್ದೆಯೊಳಗೆ ಬರುವುದೇ ಇಲ್ಲ. 2022ರಲ್ಲಿ ಜಾಮೀನು ಕೊಡುವಾಗ ನಮ್ಮ ಹೈಕೋರ್ಟ್ ಇದನ್ನೇ ಹೇಳಿತು. ಯಾದಗಿರಿ ಕಡೆ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಭಕ್ತರಿಗೆ ಗಾಂಜಾ ಪ್ರಸಾದ. ನಮ್ಮ ಮಂಡ್ಯದ ಕಡೆ ಅದರ ಹೆಸರೆತ್ತಿದರೆ ಬಾಗಿಲು ಹಾಕಿಕೊಳ್ಳುತ್ತಾರೆ.

ಹೆಂಡದ ಕಥೆ ಬೇರೆ. 2007ರ ಜುಲೈ 1ರಿಂದ ಸಾರಾಯಿ ನಿಷೇಧ ಆದಾಗ ನಮ್ಮೂರ ಹೆಂಗಸರಿಗೆಲ್ಲ ಹಬ್ಬ. ಆಮೇಲೆ ಅದೇ ಗಂಡಸರು ತೊಂಬತ್ತರ ಪ್ಯಾಕೆಟ್ಟಿಗೆ ತಿರುಗಿದರು, ಖರ್ಚು ಇನ್ನೂ ಜಾಸ್ತಿ ಆಯಿತು. 2025-26ರ ರಾಜ್ಯ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿದ್ದರು. ನಿಮ್ಮಪ್ಪನದೂ ಅದರಲ್ಲಿ ಒಳ್ಳೆಯ ಪಾಲೇ.

ಆದ್ರೆ ಬರೀ ಕಾನೂನಿನಿಂದ ಮನೆ ಹೀಗಾಗಲ್ಲ ಕಣೋ. ನನಗೆ ಕಾಣುವುದು ಇನ್ನೊಂದು. ಕುಡಿಯುವವನಿಗೆ ನಮ್ಮಲ್ಲಿ ಹೋಗೋಕೂ ದಾರಿ ಇದೆ, ಬರೋಕೂ ದಾರಿ ಇದೆ. ಬೀಗರೂಟದಲ್ಲಿ ಛತ್ರದ ಹಿಂದೆ ಕಾರಿನ ಡಿಕ್ಕಿ ತೆಗೆದಿಟ್ಟು, ಪ್ಲಾಸ್ಟಿಕ್ ಲೋಟ ಜೋಡಿಸಿದರೆ ಬೀಗರೇ ಸೋಡಾ ಹಿಡಿದು ನಿಲ್ಲುತ್ತಾರೆ. ಹೆಣ್ಣು ನೋಡಲು ಬಂದವರು "ಹುಡುಗ ಫಂಕ್ಷನ್‌ಗೆ ಸ್ವಲ್ಪ ತಗೋತಾನೆ ಅಷ್ಟೇ" ಅಂದರೆ "ಈ ಕಾಲದಲ್ಲಿ ಯಾರು ತಗೊಳಲ್ಲ ಬಿಡಿ" ಅನ್ನುತ್ತಾರೆ. ಮಿತಿ ಮೀರಿದರೆ ಆಣೆ ಇದೆ, ಅಯ್ಯಪ್ಪನ ಮಾಲೆ ಇದೆ. ಮಾಲೆ ಹಾಕಿದಷ್ಟು ದಿನ ನಿಮ್ಮಪ್ಪ 'ಸ್ವಾಮಿ', ನಿಮ್ಮವ್ವ ಕಾಲಿಗೆ ಬೀಳುತ್ತಾರೆ. ಶಬರಿಮಲೆಯಿಂದ ಬಂದು ಮಾಲೆ ತೆಗೆದ ಸಂಜೆಯೇ ಮತ್ತೆ ಶುರು. ಆದ್ರೂ ಮುಂದಿನ ವರ್ಷ ಇನ್ನೊಂದು ಮಾಲೆ ಇದ್ದೇ ಇದೆ. ಧರ್ಮಸ್ಥಳದವರ ಮದ್ಯವರ್ಜನ ಶಿಬಿರಕ್ಕೆ ಹೋಗಿ ಬಂದವನನ್ನು ಊರೇ ನಿಂತು ಬರಮಾಡಿಕೊಳ್ಳುತ್ತೆ.

ನಿನ್ನ ತಮ್ಮನಿಗೆ ಇದರಲ್ಲಿ ಯಾವುದಿದೆ ಹೇಳು? ಗಾಂಜಾ ಗಿರಾಕಿ ಅನ್ನೋ ಹೆಸರು ಒಂದಿದೆ. ಅದು ಒಂದು ಸಲ ಅಂಟಿದರೆ ಮಾಲೆ ಹಾಕಿದರೂ ಹೋಗಲ್ಲ. ಅದಕ್ಕೇ ಅವನು ರೂಮಿನ ಚಿಲಕ ಹಾಕಿಕೊಂಡು ಕೂತಿರೋದು. ಅವನ ಕೊಬ್ಬು ಅಂತ ನೀನು ಬರೆದಿದ್ದೀಯ. ನನಗೆ ಹಾಗೆ ಅನ್ನಿಸಲಿಲ್ಲ.

ಹಾಗಂತ ಗಾಂಜಾ ಒಳ್ಳೆಯದು ಅಂತ ನಾನು ವಕಾಲತ್ತು ವಹಿಸುತ್ತಿಲ್ಲ. 'ಗಿಡಮೂಲಿಕೆ, ಏನೂ ಆಗಲ್ಲ' ಅನ್ನೋ ಹಾಸ್ಟೆಲ್ ಪಂಡಿತರನ್ನು ಕಂಡರೆ ನನಗೂ ಉರಿಯುತ್ತೆ. 2019ರಲ್ಲಿ ಹೊರಬಂದ, ದೆಹಲಿಯ ಏಮ್ಸ್ ಆಸ್ಪತ್ರೆಯವರ ಸಮೀಕ್ಷೆ ಪ್ರಕಾರ ದೇಶದಲ್ಲಿ ಕುಡಿಯುವವರು ಸುಮಾರು 16 ಕೋಟಿ, ಅದರಲ್ಲಿ ಚಿಕಿತ್ಸೆಯೋ ಸಹಾಯವೋ ಬೇಕಾದವರು 5.7 ಕೋಟಿ. ಭಾಂಗ್, ಗಾಂಜಾ, ಚರಸ್ ಎಲ್ಲ ಸೇರಿ 3.1 ಕೋಟಿ, ಸಹಾಯ ಬೇಕಾದವರು 72 ಲಕ್ಷ. ಕುಡಿತದ್ದು ದೊಡ್ಡ ರಾಶಿ, ನಿಜ. ಆದ್ರೆ 72 ಲಕ್ಷ ಏನು ಸಣ್ಣದಾ?

ನಿಮ್ಮ ಮನೆಯಲ್ಲಿ ನಿಜವಾಗಿ ಹೆದರಬೇಕಾದ ಕಾರಣ ಒಂದಿದೆ. ಅಷ್ಟು ಕೂಗಾಟದಲ್ಲಿ ಅದನ್ನು ಮಾತ್ರ ಯಾರೂ ಎತ್ತಲಿಲ್ಲ. ನಿಮ್ಮ ಚಿಕ್ಕಪ್ಪ. ಅವರೂ ಇದೇ ವಯಸ್ಸಿನಲ್ಲಿ ಗೋಡೆ ಜೊತೆ ಮಾತಾಡಲು ಶುರು ಮಾಡಿದ್ದಲ್ವಾ? ಗಾಳಿ ಅಂದರು, ತಾಯತ ಕಟ್ಟಿಸಿದರು, ಆಸ್ಪತ್ರೆಗೆ ಹೋಗುವಷ್ಟರಲ್ಲಿ ವರ್ಷಗಳೇ ಕಳೆದಿದ್ದವು. ಮನೆತನದಲ್ಲಿ ಅಂಥ ಮಾನಸಿಕ ಕಾಯಿಲೆ ಇದ್ದರೆ, ಎಳೆ ವಯಸ್ಸಿನಲ್ಲಿ ದಿನಾ ಗಾಂಜಾ ಸೇದುವುದು ಬಹಳ ಅಪಾಯ. ಇದನ್ನು ಅವನಿಗೆ ಹೇಳಬೇಕು. ಮಾನ ಹೋಯಿತು ಅಂದರೆ ಅವನ ಕಿವಿಗೆ ಬೀಳಲ್ಲ. ಚಿಕ್ಕಪ್ಪನ ವಿಷಯ ಕೂರಿಸಿಕೊಂಡು ಹೇಳಿದರೆ ಕೇಳಿಯಾನು. ರಾತ್ರಿ ನಿದ್ದೆ ಹೇಗಿದೆ, ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಅಂತ ಅನ್ನಿಸುತ್ತಾ ಅಂತಲೂ ಕೇಳು. ಬೈಯುವ ದನಿಯಲ್ಲಿ ಬೇಡ.

ಪೊಲೀಸ್ ಭಯಕ್ಕೆ ಆಸ್ಪತ್ರೆ ಬೇಡ ಅಂದಿದ್ದೀಯ. ಚಟಕ್ಕೆ ಬಿದ್ದು, ಸೇದಿದ್ದಕ್ಕೋ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೋ ಕೇಸಾದವನೂ ತಾನಾಗಿ ಚಿಕಿತ್ಸೆಗೆ ಹೋದರೆ ರಕ್ಷಣೆ ಕೊಡುವ 64ಎ ಅನ್ನೋ ಕಲಮು ಅದೇ ಕಾಯ್ದೆಯಲ್ಲಿದೆ. ಇವನ ಮೇಲೆ ಕೇಸೇ ಇಲ್ಲ. ಬೆಂಗಳೂರಿನ ನಿಮ್ಹಾನ್ಸ್‌ ಆಸ್ಪತ್ರೆಯಲ್ಲಿ ಚಟ ಬಿಡಿಸುವುದಕ್ಕೇ ಬೇರೆ ವಿಭಾಗ ಇದೆ. ಅಲ್ಲಿ ಬ್ರಾಂಡಿಯವರೂ ಗಾಂಜಾದವರೂ ಒಂದೇ ಬೆಂಚಿನ ಮೇಲೆ ಕೂರುತ್ತಾರೆ. ಬರುವುದು ತಡವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿಸು. ಕನ್ನಡದಲ್ಲೇ ಮಾತಾಡುತ್ತಾರೆ.

ಇನ್ನು ನಿಮ್ಮಪ್ಪ. ಈ ಗಲಾಟೆಯ ಸಿಟ್ಟಿನಲ್ಲಿ "ನೀವೂ ಇವತ್ತಿಂದಲೇ ಬಿಡಿ" ಅಂತ ದೇವರ ಮುಂದೆ ಆಣೆ ಮಾಡಿಸಬೇಡ. ಬೆಳಗ್ಗೆ ಲೋಟ ಹಿಡಿಯುವಾಗ ಕೈ ನಡುಗುತ್ತೆ ಅಂತ ನೀನೇ ಒಮ್ಮೆ ಹೇಳಿದ್ದೆ. ಅಂಥವರು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಬುದ್ಧಿ ಭ್ರಮೆ ಆಗಬಹುದು, ಜೀವಕ್ಕೇ ಕುತ್ತು. ಡಾಕ್ಟರ ಕಣ್ಣೆದುರಿಗೇ ಬಿಡಿಸಬೇಕು.

ಅದಕ್ಕೇ ಒಂದು ಕೆಲಸ ಮಾಡು. ತಮ್ಮನನ್ನು ಕರೆದುಕೊಂಡು ಬರಲು ಅವರನ್ನೇ ಕೇಳು. ಮಗನಿಗೆ ತೋರಿಸೋಕೆ ಅಂದರೆ ಬರುತ್ತಾರೆ. ಮನೆಯಲ್ಲಿ ಇನ್ಯಾರಾದರೂ ಏನಾದರೂ ತಗೋತಾರಾ ಅಂತ ಡಾಕ್ಟರು ಕೇಳೇ ಕೇಳುತ್ತಾರೆ. ಆಗ ನೀನು ಬಾಯಿ ಹಾಕಬೇಡ. ಚಿಕ್ಕಪ್ಪನ ಹಳೇ ಚೀಟಿಗಳು ಸಿಕ್ಕರೆ ತಗೊಂಡು ಬಾ. ಹೊರಡುವ ಹಿಂದಿನ ದಿನ ತಿಳಿಸು, ಸ್ಯಾಟಲೈಟ್ ಬಸ್ ಸ್ಟ್ಯಾಂಡಿಗೆ ನಾನೇ ಬರುತ್ತೇನೆ.

ನಿನ್ನ,
ಮಂಜ