ಅಮ್ಮನಿಗೆ: ಶಾವಿಗೆ ಬಿಲ್ಲೆ ಬೇಕು

ಸ್ಟುಟ್‌ಗಾರ್ಟ್, ಜರ್ಮನಿ

ಅಮ್ಮಾ,

ನಾವೆಲ್ಲ ಇಲ್ಲಿ ಕ್ಷೇಮ. ಅಪ್ಪನ ಮಂಡಿನೋವು ಈಗ ಹೇಗಿದೆ? ರಾತ್ರಿ ಕರೆಂಟು ಬಂತು ಅಂತ ತೋಟಕ್ಕೆ ನೀರು ಬಿಡಲು ಓಡಬೇಡಿ ಅಂತ ಹೇಳು. ನಾನು ಹೇಳಿದರೆ ಅವರು ಕೇಳುವುದಿಲ್ಲ.

ಪ್ಯಾಕೆಟ್ ಶಾವಿಗೆ ಸಿಗುವಾಗ ಅಕ್ಕಿ ನೆನೆಸಿ, ರುಬ್ಬಿ ಒದ್ದಾಡುವುದು ಯಾಕೆ ಅಂತ ಫೋನಿನಲ್ಲಿ ಕೇಳಿದೆಯಲ್ಲ. ಸಿಗುತ್ತದೆ, ಇಲ್ಲ ಅನ್ನುವುದಿಲ್ಲ. ಬಿಸಿನೀರಿಗೆ ಹಾಕಿ ಬಸಿದರೆ ಮುಗಿಯಿತು. ಆದರೆ ಅದಕ್ಕೆ ಕಾಯಿಹಾಲು ಸುರಿದರೆ ಮೇಲಿನಿಂದಲೇ ಜಾರಿಹೋಗುತ್ತದೆ, ಎಳೆಯೊಳಗೆ ಇಳಿಯುವುದೇ ಇಲ್ಲ. ನಿನ್ನ ಅಳಿಯ ಎರಡು ತುತ್ತು ತಿಂದು ಉಪ್ಪಿನಕಾಯಿ ಕೇಳಿದರು.

ಇಲ್ಲಿ ಶ್ರೀಲಂಕಾ ತಮಿಳರ ಅಂಗಡಿ ಇದೆ. ಕರಿಬೇವು, ಬೆಲ್ಲ, ಸೋನಾ ಮಸೂರಿ ಎಲ್ಲ ಅಲ್ಲೇ. ಅಂಗಡಿಯ ಅಕ್ಕ ಮನೆಗೆ ಕರೆದು ಇಡಿಯಾಪ್ಪ ಮಾಡಿ ತೋರಿಸಿದರು. ಹುರಿದ ಅಕ್ಕಿಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸಿ, ಸಣ್ಣ ಸಣ್ಣ ತಟ್ಟಿಗಳ ಮೇಲೆ ಒತ್ತಿ, ಆಮೇಲೆ ಹಬೆಗೆ ಇಡುತ್ತಾರೆ. ಅವರದು ಒತ್ತಿ ಬೇಯಿಸುವುದು, ನಮ್ಮದು ಬೇಯಿಸಿ ಒತ್ತುವುದು. ಜೊತೆಗೆ ಸೊದಿ ಅಂತ ತೆಂಗಿನಹಾಲಿನ ಸಾರು. ಚೆನ್ನಾಗಿಯೇ ಇತ್ತು, ಹಗುರವಾಗಿ. ನನಗೆ ಮಾತ್ರ ನಮ್ಮ ಒತ್ತು ಶಾವಿಗೆಯ ಮೆದುವೇ ಬೇಕು.

ಹಾಗಾಗಿ ನೀನು ಹೇಳಿದಂತೆಯೇ ಮಾಡುತ್ತೇನೆ. ರಾತ್ರಿ ನೆನೆದ ಅಕ್ಕಿಯನ್ನು ನುಣ್ಣಗೆ ರುಬ್ಬಿ, ನೀರು ದೋಸೆ ಹಿಟ್ಟಿನಷ್ಟು ತೆಳ್ಳಗೆ ಮಾಡಿ, ಉಪ್ಪು, ಚೂರು ಎಣ್ಣೆ ಹಾಕಿ ದಪ್ಪ ತಳದ ಪಾತ್ರೆಯಲ್ಲಿ ತಿರುವುತ್ತೇನೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ತಳದಲ್ಲಿ ಗಂಟು ಗಂಟಾಗಿ, ನೋಡನೋಡುತ್ತ ಅಷ್ಟೂ ಹಿಟ್ಟು ಕೋಲಿಗೆ ಸುತ್ತಿಕೊಳ್ಳುತ್ತದೆ. (ಸೂಟ್‌ಕೇಸಿನಲ್ಲಿ ಮುದ್ದೆ ಕೋಲು ನೋಡಿ ನೀವೆಲ್ಲ ನಕ್ಕಿದ್ದಿರಿ, ಅಲ್ವಾ?) ಕೈ ಒದ್ದೆ ಮಾಡಿಕೊಂಡು ಉಂಡೆ ಕಟ್ಟಿ ಇಡ್ಲಿ ಪಾತ್ರೆಯಲ್ಲಿ 20 ನಿಮಿಷ ಬೇಯಿಸುತ್ತೇನೆ. ನೀನು ಕುದಿಯುವ ನೀರಿಗೇ ಬಿಡುತ್ತೀಯ. ನನಗೆ ಹಬೆಯೇ ವಾಸಿ, ಉಂಡೆ ಮೇಲೆ ಲೋಳೆ ಆಗುವುದಿಲ್ಲ. ಮುರಿದು ನೋಡಿದಾಗ ನಡುವೆ ಹಸಿ ಹಿಟ್ಟಿನ ಬಿಳಿ ಚುಕ್ಕೆ ಕಂಡರೆ ಇನ್ನೂ 5 ನಿಮಿಷ.

ಒತ್ತುವಾಗಲೇ ಅವಸರ. ಗೋಧಿಯಲ್ಲಿರುವ ಅಂಟು ಅಕ್ಕಿಯಲ್ಲಿ ಇಲ್ಲ. ಬೆಂದ ಪಿಷ್ಟವೇ ಎಳೆಯನ್ನು ಹಿಡಿದಿಡಬೇಕು, ಅದೂ ಆರಿದ ಹಾಗೆಲ್ಲ ಬಿಗಿಯುತ್ತದೆ. ಅಜ್ಜಿ "ಮುಚ್ಚಳ ತೆಗೀಬೇಡ್ರೇ" ಅಂತ ಕೂಗಾಡುತ್ತಿದ್ದುದು ಅದಕ್ಕೇ. ಒಂದೊಂದೇ ಉಂಡೆ ತೆಗೆದುಕೊಂಡು ಇವರು ಒತ್ತುತ್ತಾರೆ, ನಾನು ಕೆಳಗೆ ತಟ್ಟೆ ತಿರುಗಿಸುತ್ತೇನೆ.

ಈ ಕಡೆಯ ಜನ ಮೊಟ್ಟೆ, ಗೋಧಿಹಿಟ್ಟು ಕಲಸಿ ಸ್ಪೆಟ್ಸ್ಲೆ ಅಂತ ಮಾಡುತ್ತಾರೆ. ಅದಕ್ಕೂ ಒಂದು ಒತ್ತುವ ಒರಳು ಸಿಗುತ್ತದೆ. ಆದರೆ ತೂತು ದೊಡ್ಡದು. ನಮ್ಮ ಹಿಟ್ಟು ಹಾಕಿದರೆ ಖಾರಾಸೇವೆ ಗಾತ್ರದ ಹುಳು ಬೀಳುತ್ತದೆ.

ಕಾಯಿಹಾಲಿನ ಕಥೆ ಬೇರೆ. ಗುಬ್ಬಿ ಕಡೆ ತೆಂಗಿನ ತೋಟದವಳಿಗೆ ಡಬ್ಬಿಯ ತೆಂಗಿನಹಾಲು, ನೋಡು! ಬೆಲ್ಲ ಕರಗಿಸಿ, ಸೋಸಿ, ಆರಿದ ಮೇಲೆ ಸೇರಿಸುತ್ತೇನೆ. ಒಟ್ಟಿಗೆ ಕುದಿಸಿದರೆ ಒಡೆಯುತ್ತದೆ. ಇಲ್ಲಿನ ಬೇಕರಿಗಳಲ್ಲಿ ಬಳಸುವ ಗಸಗಸೆ ಕಪ್ಪು ನೀಲಿ ಬಣ್ಣದ್ದು. ಅದನ್ನೇ ಏಲಕ್ಕಿ ಜೊತೆ ಅರೆದು ಹಾಕಿದೆ, ಕಾಯಿಹಾಲು ಬೂದಿ ಬಣ್ಣ! ರುಚಿಗೆ ಏನೂ ಕೊರತೆಯಿಲ್ಲ. ಪುಟ್ಟಿ ಮಾತ್ರ ತಟ್ಟೆ ತಳ್ಳಿ ಎದ್ದಳು.

ಈಗ ಕೆಲಸದ ಮಾತು. ಅಂಗಡಿಯ ಅಕ್ಕನ ಒರಳನ್ನು ಎಷ್ಟು ಸಲ ಅಂತ ಕೇಳುವುದು? ನನ್ನ ಚಕ್ಕುಲಿ ಒರಳು ಗಟ್ಟಿಯಾಗಿದೆ, ಅದರ ತಳಕ್ಕೆ ಹಾಕುವ ತೂತಿನ ಶಾವಿಗೆ ಬಿಲ್ಲೆ ಒಂದಿಲ್ಲ. ಒರಳಿನ ಬಾಯಿ ಅಳತೆಗೆ ಕಾಗದ ಕತ್ತರಿಸಿ ಇದೇ ಕವರಿನಲ್ಲಿ ಇಟ್ಟಿದ್ದೇನೆ. ಅಪ್ಪ ತುಮಕೂರಿಗೆ ಹೋದಾಗ ಮಂಡಿಪೇಟೆಯಲ್ಲಿ ಕೇಳಲಿ. ಹಿತ್ತಾಳೆಯದು ಸಿಕ್ಕರೆ ಅದೇ ಇರಲಿ, ತೂತು ಸಣ್ಣದಿರಬೇಕು. ಅಂಚು ಕಾಗದಕ್ಕಿಂತ ಒಂದು ಕೂದಲೆಳೆ ಕಮ್ಮಿಯಾದರೂ ಹಿಟ್ಟು ಪಕ್ಕದಿಂದ ನುಗ್ಗುತ್ತದೆ, ಇಟ್ಟು ನೋಡಿಯೇ ತರಲಿ. ಜೊತೆಗೆ ಕಾಲು ಕೆಜಿ ಬಿಳಿ ಗಸಗಸೆ. ತಮ್ಮನಿಗೂ ಕಟ್ಟಿಕೊಡೋಣ ಅಂತ ಹೊರಡಬೇಡ, ದುಬೈಗೆ ಗಸಗಸೆ ಒಯ್ಯುವ ಹಾಗಿಲ್ಲ.

ಇಂತಿ,
ನಿನ್ನ ಮಗಳು