ಹೊಸ ಕಚೇರಿಗೆ ಕನ್ನಡದ ಪರಿಚಯವೂ ಆಗಲಿ

ಮಾನ್ಯರೇ,

ಬೆಂಗಳೂರಿನಲ್ಲಿ ಹೊಸದಾಗಿ ಕಚೇರಿ ತೆರೆಯುವ ವಿದೇಶಿ ಕಂಪನಿಗಳು ತಮ್ಮವರಿಗೆ ಭಾರತದ ಸಂಸ್ಕೃತಿ ಪರಿಚಯಿಸುವಾಗ, ಕಾಲಿಟ್ಟ ಊರನ್ನೇ ಮರೆಯುತ್ತಿವೆ. ಕಳೆದ ತಿಂಗಳು ಅಂಥದ್ದೊಂದು ಕಚೇರಿಯ ಆರಂಭದ ದಿನ ಹೋಗಿದ್ದೆ. ಹಿಂದಿ ಸಿನಿಮಾ ಹಾಡಿಗೆ ಕುಣಿತ, ಊಟಕ್ಕೆ ನಾನ್, ಪನೀರ್. ಬಾಗಿಲಲ್ಲಿ ಪ್ಲಾಸ್ಟಿಕ್ ರಂಗೋಲಿ ಅಂಟಿಸಿದ್ದರು. ಅಲ್ಲೇ ನೆಲ ಒರೆಸುತ್ತಿದ್ದ ಅಮ್ಮನನ್ನು ಮಾತಾಡಿಸಿದೆ. ಅವರು ದಿನಾ ಬೆಳಿಗ್ಗೆ ಮನೆ ಮುಂದೆ ಚುಕ್ಕಿ ಇಟ್ಟು ರಂಗೋಲಿ ಬಿಡಿಸುತ್ತಾರಂತೆ. ‘ಕೇಳಿದ್ರೆ ನಾನೇ ಹಾಕ್ತಿದ್ದೆ’ ಎಂದರು. ಆ ಮಾತು ಇನ್ನೂ ಮನಸ್ಸಲ್ಲಿದೆ.

1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಇಲ್ಲಿಗೆ ಬಂದಾಗ ಉಪಗ್ರಹ ಸಂಪರ್ಕದ ಸಲಕರಣೆಯನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ್ದರು. ಆಗಿನಿಂದಲೂ ಈ ಊರು ಬಂದವರಿಗೆಲ್ಲ ಜಾಗ ಕೊಟ್ಟಿದೆ. ಬಂದವರಿಗೆ ತಿಳಿಯುವ ಆಸೆ ಇಲ್ಲವೆಂದಲ್ಲ. ಅವತ್ತು ವಿದೇಶದವರೊಬ್ಬರು ‘ಊಟ ಆಯ್ತಾ’ ಎನ್ನುವುದನ್ನು ಕಲಿತು ಎಲ್ಲರನ್ನೂ ಕೇಳುತ್ತಾ ಓಡಾಡಿದರು. ಗೇಟಿನ ಸೆಕ್ಯೂರಿಟಿಯವರ ಮುಖ ಅರಳಿಬಿಟ್ಟಿತು. ಕಲಿಸುವವರು ಬೇಕು, ಅಷ್ಟೇ ಅಲ್ವಾ?

ಕಂಪನಿಗಳು ವಾರಕ್ಕೊಂದು ಗಂಟೆ, ಕೆಲಸದ ಹೊತ್ತಿನಲ್ಲೇ ಕನ್ನಡ ಕಲಿಸಲಿ. ಕಾರ್ತಿಕದಲ್ಲಿ ಬಸವನಗುಡಿಯ ಕಡಲೆಕಾಯಿ ಪರಿಷೆಗೆ ಕರೆದೊಯ್ಯಲಿ. ರಾಮನಗರದ ಜಾನಪದ ಲೋಕವಂತೂ ಒಂದೇ ದಿನದಲ್ಲಿ ಹೋಗಿಬರುವಷ್ಟು ಹತ್ತಿರ. ಇಂಥ ಜಾಗ, ಹಬ್ಬ, ಕಲೆಗಳ ಒಂದು ಕಿರುಪುಸ್ತಕ ಮಾಡಿ, ಹೊಸ ಕಚೇರಿಗಳಿಗೆ ಮೊದಲ ದಿನವೇ ತಲುಪಿಸುವ ಕೆಲಸವನ್ನು ಕನ್ನಡ ಅಭಿವೃದ್ಧಿ ಪ್ರಾಧಿಕಾರ ವಹಿಸಿಕೊಳ್ಳಲಿ.

– ಓದುಗ, ಬನಶಂಕರಿ, ಬೆಂಗಳೂರು