ಶುಭಾ ವಿಷಯ ಮುಚ್ಚಿಡಬೇಡಿ, ಅಪ್ಪಾ

ಫಿಲಡೆಲ್ಫಿಯಾ
ಆಗಸ್ಟ್ 8, 2024

ಪ್ರೀತಿಯ ಅಪ್ಪ ಅಮ್ಮನಿಗೆ,

ನಮಸ್ಕಾರಗಳು. ನಾವೆಲ್ಲ ಕ್ಷೇಮ. ನಿಮ್ಮ ಕಾಗದ ಬಂತು.

ಮೊದಲು ಅಮ್ಮನ ಭಯ. ಟ್ರಂಪ್ ಮೇಲೆ ಗುಂಡು ಹಾರಿದ್ದು ಇದೇ ಪೆನ್ಸಿಲ್ವೇನಿಯಾದಲ್ಲಿ, ನಿಜ. ಆದರೆ ಅದು ನಡೆದ ಬಟ್ಲರ್ ಊರು ಇರುವುದು ರಾಜ್ಯದ ಆ ತುದಿಯಲ್ಲಿ, ನಾವು ಈ ತುದಿಯಲ್ಲಿ. ಕಾರಿನಲ್ಲಿ ಐದು ಗಂಟೆಯ ದಾರಿ. ನಮ್ಮ ಬೀದಿಯಲ್ಲಿ ಚುನಾವಣೆ ಅಂದರೆ ಮನೆ ಮುಂದಿನ ಹುಲ್ಲಿನಲ್ಲಿ ನೆಟ್ಟ ಪುಟ್ಟ ಬೋರ್ಡುಗಳು, ಅಷ್ಟೇ. ಪಕ್ಕದ ಎರಡು ಮನೆಯವರು ಒಂದೊಂದು ಪಕ್ಷದ ಬೋರ್ಡು ನೆಟ್ಟಿದ್ದಾರೆ. ಸಂಜೆ ಇಬ್ಬರೂ ಒಟ್ಟಿಗೇ ನಾಯಿ ಕರೆದುಕೊಂಡು ವಾಕಿಂಗ್ ಹೋಗುತ್ತಾರೆ! ಮೈಕಿಲ್ಲ, ಮೆರವಣಿಗೆಯಿಲ್ಲ. ಖಂಡಿತ ಹೆದರಬೇಡಿ.

ಕಮಲಾ ಹ್ಯಾರಿಸ್ ನಮ್ಮ ಗವರ್ನರ್ ಶಪಿರೋ ಅವರನ್ನೇ ಉಪಾಧ್ಯಕ್ಷ ಸ್ಥಾನಕ್ಕೆ ಆರಿಸುತ್ತಾರಾ ಅಂತ ಅಪ್ಪ ಕೇಳಿದ್ದೀರಿ. ಇಲ್ಲಿ ನಾವೂ ಹಾಗೇ ಅಂದುಕೊಂಡಿದ್ದೆವು. ಅಧ್ಯಕ್ಷರನ್ನು ಆರಿಸಲು ಒಂದೊಂದು ರಾಜ್ಯಕ್ಕೂ ಇಷ್ಟಿಷ್ಟು ಅಂತ ಎಲೆಕ್ಟೋರಲ್ ಮತ ಇರುತ್ತದೆ. ಗೆಲ್ಲಲು ಅಂಥ 270 ಮತ ಬೇಕು, ನಮ್ಮ ರಾಜ್ಯದ್ದೇ 19. ಮೊನ್ನೆ ಮಂಗಳವಾರ ಹೆಸರು ಬಂದದ್ದು ಮಿನ್ನೆಸೋಟದ ಗವರ್ನರ್ ಟಿಮ್ ವಾಲ್ಜ್ ಅವರದ್ದು. ಅಲ್ಲಿ ಇರುವುದು 10 ಮತ. ಅವರು ಹೈಸ್ಕೂಲ್ ಮೇಷ್ಟ್ರಾಗಿದ್ದವರು, ಅಪ್ಪನಿಗೆ ಇದು ಇಷ್ಟವಾಗುತ್ತದೆ. ಅವತ್ತು ಸಂಜೆ ಇಬ್ಬರೂ ಸೇರಿ ಮೊದಲ ಸಭೆ ಮಾಡಿದ್ದು ನಮ್ಮ ಊರಿನಲ್ಲೇ, ಟೆಂಪಲ್ ಯೂನಿವರ್ಸಿಟಿಯಲ್ಲಿ. ಅವಕಾಶ ತಪ್ಪಿದ ಶಪಿರೋ ಅವರೇ ವೇದಿಕೆಗೆ ಬಂದು ಅವರ ಪರವಾಗಿ ಜೋರಾಗಿ ಭಾಷಣ ಮಾಡಿದರು. ನನಗೆ ಅದು ತುಂಬಾ ಹಿಡಿಸಿತು. ಇನ್ನೊಂದು ಕಡೆ ಟ್ರಂಪ್ ಆರಿಸಿಕೊಂಡ ವ್ಯಾನ್ಸ್ ಅವರ ಹೆಂಡತಿ ಉಷಾ, ಆಂಧ್ರ ಮೂಲದವರು. ಯಾರು ಗೆದ್ದರೂ ನಮ್ಮ ದಕ್ಷಿಣದ ಕಡೆಯ ನಂಟು ಇದ್ದೇ ಇರುತ್ತದೆ, ಅಲ್ವಾ?

ಉಪಾಧ್ಯಕ್ಷರಿಗೆ ದಿನನಿತ್ಯ ದೊಡ್ಡ ಅಧಿಕಾರವೇನಿಲ್ಲ. ಆದರೆ ಅಧ್ಯಕ್ಷರು ತೀರಿಕೊಂಡರೆ ಅದೇ ಗಳಿಗೆಗೆ ಕುರ್ಚಿ ಅವರದು. 1945ರಲ್ಲಿ ರೂಸ್‌ವೆಲ್ಟ್ ಹೋದಾಗ ಟ್ರೂಮನ್ ಉಪಾಧ್ಯಕ್ಷರಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಅದಕ್ಕೇ ಹೆಸರು ಹೇಳುವ ಮುಂಚೆ ವಕೀಲರು ಕೂತು ಆದಾಯ ತೆರಿಗೆ, ಸಾಲ, ಆರೋಗ್ಯ, ಹಳೆಯ ಭಾಷಣ ಎಲ್ಲವನ್ನೂ ಜಾಲಾಡುತ್ತಾರೆ. ಹೆಣ್ಣು ಕೊಡುವ ಮುಂಚೆ ನಮ್ಮವರು ನಾಲ್ಕು ಕಡೆ ವಿಚಾರಿಸುವ ಹಾಗೆಯೇ.

ಮಾತು ಇಲ್ಲಿಗೆ ಬಂದ ಮೇಲೆ ಶುಭಾ ಮದುವೆ ವಿಷಯ ಬರೆಯದೇ ಇರಲಾರೆ. ನಿಮ್ಮ ಕಾಗದದ ಆ ಎರಡು ಸಾಲು ಓದಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಅವಳು ಮನಸ್ಸು ಕುಗ್ಗಿ ಡಾಕ್ಟರ ಹತ್ತಿರ ಮಾತ್ರೆ ತೆಗೆದುಕೊಂಡದ್ದನ್ನು ಹುಡುಗನ ಮನೆಯವರಿಗೆ ಹೇಳುವುದು ಬೇಡ ಅಂತ ಗಿರಿ ಮಾವ ಅಂದರಂತೆ. ದಯವಿಟ್ಟು ಹಾಗೆ ಮಾಡಬೇಡಿ.

ಇಲ್ಲಿ ಉಪಾಧ್ಯಕ್ಷರ ಆಯ್ಕೆ ಅಂದಾಗಲೆಲ್ಲ 1972ರ ಮಾತು ಬರುತ್ತದೆ. ಮೆಕ್‌ಗವರ್ನ್ ಎನ್ನುವವರು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಜೊತೆಗೆ ಮಿಸೌರಿಯ ಸೆನೆಟರ್ ಥಾಮಸ್ ಈಗಲ್ಟನ್ ಅವರನ್ನು ಅವಸರದಲ್ಲಿ ಆರಿಸಿದರು. ಮುಚ್ಚಿಟ್ಟದ್ದೇನಾದರೂ ಇದೆಯಾ ಅಂತ ಕೇಳಿದ್ದಕ್ಕೆ ಈಗಲ್ಟನ್ ಇಲ್ಲ ಅಂದಿದ್ದರು. ಆಮೇಲೆ ತಿಳಿಯಿತು: 1960, 1964, 1966ರಲ್ಲಿ ಮೂರು ಸಲ ಇದೇ ಖಿನ್ನತೆಗೆ ಆಸ್ಪತ್ರೆ ಸೇರಿದ್ದರು, ತಲೆಗೆ ಕರೆಂಟ್ ಕೊಡುವ ಚಿಕಿತ್ಸೆಯೂ ಆಗಿತ್ತು. ಮೊದಮೊದಲು ಮೆಕ್‌ಗವರ್ನ್ ಈಗಲ್ಟನ್ ಪರ ನಿಂತರು, ಆಮೇಲೆ ಕೈಬಿಟ್ಟರು. ಆಯ್ಕೆಯಾದ 18 ದಿನಕ್ಕೆ ಈಗಲ್ಟನ್ ಹಿಂದೆ ಸರಿದರು. ಇಡೀ ದೇಶದ ಎದುರಿಗೆ ಆದದ್ದು ಅದು. ಆದರೆ ಕೇಳಿ, ಅವರ ಸ್ವಂತ ರಾಜ್ಯದ ಜನ ಅದೆಲ್ಲ ಗೊತ್ತಿದ್ದೂ 1974ರಲ್ಲಿ ಮತ್ತೆ ಅವರನ್ನೇ ಸೆನೆಟ್‌ಗೆ ಗೆಲ್ಲಿಸಿದರು. 1980ರಲ್ಲೂ ಗೆಲ್ಲಿಸಿದರು. ಅಲ್ಲಿ ಕಾಯಿಲೆ ಅವರಿಗೆ ಅಡ್ಡಿಯಾಗಲಿಲ್ಲ, ಅಪ್ಪಾ.

ನಮ್ಮ ಶುಭಾ ಏನು ತಪ್ಪು ಮಾಡಿದ್ದಾಳೆ? ಕಾಯಿಲೆ ಬಂತು, ಔಷಧಿ ತೆಗೆದುಕೊಂಡಳು, ಹುಷಾರಾದಳು. ಈಗ ಕೆಲಸಕ್ಕೆ ಹೋಗುತ್ತಿದ್ದಾಳೆ. ನಾಳೆ ಮತ್ತೆ ಮಾತ್ರೆ ಬೇಕಾದರೆ ಗಂಡನ ಮನೆಯಲ್ಲಿ ಕದ್ದು ನುಂಗಬೇಕಾ? ಮೊದಲು ಅವಳನ್ನೇ ಕೂರಿಸಿಕೊಂಡು ಕೇಳಿ. ಅವಳು ಒಪ್ಪಿದರೆ ತಾಂಬೂಲ ಬದಲಾಯಿಸುವ ಮುಂಚೆ ಹುಡುಗನ ಹತ್ತಿರ ಅವಳೇ ಮಾತಾಡಲಿ. ಅಮ್ಮ ಪಕ್ಕದಲ್ಲಿರಲಿ. ಅವರು ಬೇಡ ಅಂದರೆ ಬೇಡ. ಈ ಶ್ರಾವಣ ಹೋದರೆ ಇನ್ನೊಂದು ಬರುತ್ತದೆ. ಖರ್ಚಿನ ಬಗ್ಗೆ ಯೋಚಿಸಲೇಬೇಡಿ, ನಾವಿದ್ದೇವೆ. ಇವರೂ ಅದನ್ನೇ ಹೇಳುತ್ತಿದ್ದಾರೆ. ಬೇಕಾದರೆ ಗಿರಿ ಮಾವನ ಹತ್ತಿರ ನಾನೇ ಫೋನಿನಲ್ಲಿ ಮಾತಾಡುತ್ತೇನೆ. ಎಲ್ಲ ಸರಿಹೋಗುತ್ತದೆ, ಖಂಡಿತ ಸರಿಹೋಗುತ್ತದೆ.

ಅಪ್ಪ ಬಿಪಿ ಮಾತ್ರೆ ತಪ್ಪಿಸಬೇಡಿ. ಮಗೂನ ಕ್ಯಾಂಪಿನಿಂದ ಕರೆದುಕೊಂಡು ಬರಬೇಕು, ಹೊತ್ತಾಯಿತು. ಭಾನುವಾರ ಫೋನ್ ಮಾಡುತ್ತೇನೆ, ಶುಭಾನೂ ಮನೆಯಲ್ಲೇ ಇರಲಿ.

ನಿಮ್ಮ ಮಗಳು,
ಸುಮಾ